ಇಪ್ಪತ್ತೊಂದು ಉಘೇ

ಮುಳ್ಳೂರು
೧೭-೧-೧೯೭೧

ನನ್ನ ಸುವರ್ಣಿಗೆ,

ನಿನ್ನ ಗುರುಬಸಿ ಮಾಡುವ ದೊಡ್ಡ ನಮಸ್ಕಾರ. ತಪ್ಪು ಮಾಡಿದವಳ ನಮಸ್ಕಾರ ಯಾವಾಗಲೂ ಸ್ವಲ್ಪ ದೊಡ್ಡದೇ. ಸಂಕ್ರಾಂತಿಯ ಎಳ್ಳು ತಲುಪಿತು. ಸಕ್ಕರೆ ಆನೆಯ ಸೊಂಡಿಲು ಮಾತ್ರ ದಾರಿಯಲ್ಲೇ ಯಾರದೋ ಪಾಲಾಗಿದೆ.

ನಮ್ಮ ಹಳೇ ದೋಣಿಯ ಮಾದಣ್ಣ ನಿಮ್ಮ ಹನೂರಿನ ಅಕ್ಕಿ ಮಿಲ್ಲಿಗೆ ಎಂಜಿನ್ ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಬಂದಿದ್ದನಂತೆ. ನಿನ್ನ ಯಜಮಾನರು ಒಪ್ಪಿದರೂ ನೀನೇ, "ಹೆಣ್ಣು ನೋಡೋ ದಿನ ದೋಣಿ ಎಬ್ಬಿಸಲಾರದವನು ಮಿಲ್ ಏನು ಎಬ್ಬಿಸ್ತಾನೆ" ಎಂದು ಅಡ್ಡಗಾಲು ಹಾಕಿದೆಯಂತೆ. ನಿನ್ನ ಕಾಗದ ಓದಿದಂದಿನಿಂದ ನನಗೆ ಊಟ ಸೇರುತ್ತಿಲ್ಲ. ಮೂರು ಹೊತ್ತೂ ಉಣ್ಣುತ್ತಿದ್ದೇನೆ, ಸೇರುತ್ತಿಲ್ಲ, ಅಷ್ಟೆ.

ನಮ್ಮ ಸತ್ತೇಗಾಲದ ಆ ದೋಣಿ ನೆನಪಿದೆಯೇ? ನಮ್ಮ ಅಪ್ಪಾಜಿ ಕೊಚ್ಚಿಯಿಂದ ಯಾವುದೋ ಮೀನುದೋಣಿಯ ಹಳೇ ಡೀಸಲ್ ಎಂಜಿನ್ ತರಿಸಿ ಅದಕ್ಕೆ ಕೂರಿಸಿದ್ದರು. ಇನ್ನು ಹುಟ್ಟು ಯಾತಕ್ಕೆ ಎಂದು ಎರಡನ್ನೂ ಸೀಳಿಸಿ ನೀರೊಲೆಗೆ ಹಾಕಿಸಿದ್ದರು. ಎಂಜಿನ್ನಿಗೋ ಮಹಾರಾಣಿಯ ಠೀವಿ. ಮೊದಲು ಗುಂಡಿ ಒತ್ತಿ ಹಿಡಿದು ಹೀಟರ್ ಪ್ಲಗ್ ಕಾಯಿಸಬೇಕು; ಹೊಟ್ಟೆ ಬೆಚ್ಚಗಾದ ಮೇಲೆಯೇ ಹ್ಯಾಂಡಲ್ ತಿರುಗಿಸಬೇಕು. ಚಳಿಯಲ್ಲಿ ಚೂರು ಅವಸರ ಮಾಡಿದರೂ ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತಿತ್ತು. ಗಡಿಯಾರವಿಲ್ಲದ ಮಾದಣ್ಣ ಕಂಡುಕೊಂಡ ಅಳತೆ, ನಿಧಾನಕ್ಕೆ ಇಪ್ಪತ್ತೊಂದು ಸಲ "ಉಘೇ ಮಾದಪ್ಪ". ಬೆಟ್ಟಕ್ಕೆ ಹೊರಟ ಪರಸೆಯವರೂ ದನಿಗೂಡಿಸುತ್ತಿದ್ದರು. ಎಂಜಿನ್ ಗುಡುಗಿದರೆ ಪುಣ್ಯ ಮಾದಪ್ಪನಿಗೆ. ಗುಡುಗದಿದ್ದರೆ ಪಾಪ ಮಾದಣ್ಣನಿಗೆ.

ಆ ಮಾಘದ ಬೆಳಿಗ್ಗೆ ಆಚೆ ದಡದ ನಿನ್ನ ಸೋದರಮಾವನ ಮನೆಯಲ್ಲಿ ಭದ್ರಾವತಿಯ ವರ ಕಾದಿದ್ದ. ರಾಹುಕಾಲಕ್ಕೆ ಮುಂಚೆ ನಿನ್ನನ್ನು ತೋರಿಸಬೇಕಿತ್ತು. ಮಾದಣ್ಣ ಹ್ಯಾಂಡಲ್ ಹಿಡಿದು, "ಅವ್ವಾರೆ, ಗುಂಡಿ ನೀವ್ ಇಡ್ಕಳಿ, ಎಣಿಕೆ ನಿಮ್ದೇಯ" ಎಂದ. ಹಿಡಿದೆ. ಎಣಿಸಿದೆ. ಒಂದೂ ಬಿಡದೆ ಇಪ್ಪತ್ತೊಂದು ಉಘೇ. ಆದರೆ ಸುವರ್ಣಿ, ಹುಚ್ಚುನಾಯಿ ಅಟ್ಟಿಸಿಕೊಂಡು ಬಂದವಳ ಹಾಗೆ ಎಣಿಸಿದೆ! ಒಂದು ಸಲವಲ್ಲ, ನಾಲ್ಕು ಸಲ. ಬ್ಯಾಟರಿ ಸತ್ತಿತು, ಮಾದಣ್ಣನ ಅಂಗೈ ಬೊಬ್ಬೆ ಎದ್ದಿತು. ನೀನು ರೇಷ್ಮೆ ಸೆರಗಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದೆ. ಅಪಶಕುನವೆಂದು ವರನ ಕಡೆಯವರು ಎದ್ದು ಹೋದರು. ಅಪ್ಪಾಜಿ ಸಂಜೆಯೇ ಮಾದಣ್ಣನನ್ನು ಕೆಲಸದಿಂದ ಬಿಡಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ.

ಏಕೆ ಹಾಗೆ ಮಾಡಿದೆ? ಭದ್ರಾವತಿ ಎಷ್ಟು ದೂರವೆಂದು ಸ್ಕೂಲಿನ ಭೂಪಟದ ಮೇಲೆ ಗೇಣು ಹಾಕಿ ನೋಡಿದ್ದೆ. ಒಂದು ಗೇಣು ನಾಲ್ಕು ಬೆರಳು. ನೀನು ಅಷ್ಟು ದೂರ ಹೋದರೆ ಹೊಳೆದಂಡೆಯಲ್ಲಿ ನಾನು ಯಾರ ಜಡೆ ಎಳೆಯಲಿ? ಹನೂರಾದರೆ ಅದೇ ಭೂಪಟದಲ್ಲಿ ಅರ್ಧ ಉಗುರು.

ಅವನಿಗೆ ಕೆಲಸ ಕೊಡಿಸು. ಸಿಟ್ಟನ್ನೆಲ್ಲ ಮುಳ್ಳೂರಿಗೆ ಕಳಿಸು, ಇಳಿಸಿಕೊಳ್ಳುತ್ತೇನೆ.

ಹನ್ನೆರಡು ವರ್ಷ ತಡವಾಗಿ ಬಾಯಿ ಬಿಟ್ಟ,
ನಿನ್ನ ಗುರುಬಸಮ್ಮ

ಮತ್ತೊಂದು ಮಾತು: ಕಾಗದ ಮುಗಿಸಿ ಮಾದಣ್ಣನನ್ನು ಕರೆಸಿ ಇದಿಷ್ಟನ್ನೂ ಓದಿ ಹೇಳಿದೆ. ಅವನು ನಕ್ಕುಬಿಟ್ಟ. "ಉಘೇ ಓಡ್ದಾಗ್ಲೇ ನಂಗ್ ಗೊತ್ತಾಯ್ತು ಕಣ್ರವ್ವ. ಅದ್ನ ನಿಮ್ಮಪ್ಪಾರ್ಗೆ ಏಳ್ಬುಟ್ಟಿದ್ರೆ ಅವ್ರು ನಿಮ್ಮಿಬ್ರುನ್ನೂ ಒಂದ್ಕಡೆ ಕುಂತ್ಕಳಕ್ಕೂ ಬುಡ್ತಿರ್ನಿಲ್ಲ. ಈಗ್ಯಾಕೆ, ಆ ಕಾಗ್ದ ಅರ್ದಾಕ್ಬುಡಿ" ಎಂದ. ಹರಿಯಲಿಲ್ಲ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.