ಬಾಕಿ ಇರಬೇಕಾದ ಅರ್ಜಿ

ಮುದ್ರಣಾಲಯದ ಹಿಂದಿನ ಸಾಲುಮನೆ,
ಬುಧವಾರ, ಹನ್ನೆರಡನೆಯ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಜಾಲರಿಯ ಆಚೆ ನೀನು ಕೆಮ್ಮುತ್ತ ಕೂತಿದ್ದನ್ನು ಅಮ್ಮನಿಗೆ ಹೇಳಬಾರದಿತ್ತು. ಅಂದಿನಿಂದ ದಿನಕ್ಕೊಂದು ಔಷಧಿ ಹೇಳುತ್ತಾಳೆ, ನಾನೇನೋ ಸಂಜೆ ಹೋಗಿ ಕುಡಿಸಿ ಬರುವವಳ ಹಾಗೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲಿನ ಅಧಿಕಾರಿಗಳಿಗೂ ನನ್ನ ನಮಸ್ಕಾರ. ಇದರಲ್ಲಿ ಗುಟ್ಟೇನೂ ಇಲ್ಲ. ಶಾಸನಸಭೆಯಲ್ಲಿ ಎಲ್ಲರೆದುರು ಅಂಗೀಕಾರವಾದ ಕಾಯ್ದೆಯ ವಿಷಯ. ಕೊನೆಯ ಪುಟವನ್ನು ಯಾರೂ ಓದಿರಲಿಲ್ಲ, ಅಷ್ಟೇ. ನಾನೂ ಓದಿರಲಿಲ್ಲ.

ಹದಿನೈದು ದಿನದ ಹಿಂದೆ ನಿನಗೊಂದು ಕಾರ್ಡು ಹಾಕಿದ್ದೆ, ‘ಗೆದ್ದೆವು ಅಣ್ಣಾ, ಗಲ್ಲು ರದ್ದಾಯಿತು’ ಎಂದು. ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೀಯಂತೆ, ಸಾಲಿನ ಐದೂ ಕೋಣೆಯವರಿಗೆ ಕೇಳುವಂತೆ ಕೂಗಿ ಓದಿದೆಯಂತೆ. ವಕೀಲರು ನಗುನಗುತ್ತ ಹೇಳಿದರು. ಅದನ್ನು ಕಿತ್ತುಹಾಕು ಅಣ್ಣಾ. ಆ ಐವರಿಗೆ ಅದು ನಿಜ. ನಿನಗಲ್ಲ.

ಸರ್ಕಾರಿ ಮುದ್ರಣಾಲಯದಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತಲ್ಲ. ಇಲಾಖೆಯಿಂದ ಬಂದ ಮೂಲಪ್ರತಿಯನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಎದುರಿಗೆ ಕೂತ ಕನ್ನಡಕದಜ್ಜ ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಹಿಂಬಾಲಿಸುತ್ತಾರೆ. ಕಾಮಾ, ಫುಲ್‌ಸ್ಟಾಪು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅರ್ಥದ ಕಡೆ ಗಮನ ಕೊಟ್ಟರೆ ತಪ್ಪು ಜಾರಿಕೊಳ್ಳುತ್ತದೆ. ನಾನು ಸೇರಿದ ದಿನವೇ ಅಜ್ಜ ಹೇಳಿದ್ದರು: ‘ಇಲ್ಲಿ ನಿನ್ನ ಅಭಿಪ್ರಾಯ ಯಾರಿಗೂ ಬೇಡ ಕಣಮ್ಮ, ನಿನ್ನ ಗಂಟಲಿದ್ರೆ ಸಾಕು.’ ನಿನ್ನೆ ಬೆಳಿಗ್ಗೆ ನಮ್ಮ ಮೇಜಿಗೇ ಆ ತಿದ್ದುಪಡಿ ಕಾಯ್ದೆ ಬಂತು. ನನ್ನ ಸಂಭ್ರಮವನ್ನು ಕೇಳಬೇಡ. ಗಲ್ಲು ಬೇಡವೆಂದು ನಾಲ್ಕು ವರ್ಷ ಕರಪತ್ರ ಹಂಚಿ, ಬೈಸಿಕೊಂಡು, ಒಮ್ಮೆ ಮೈಮೇಲೆ ನೀರೆರಚಿಸಿಕೊಂಡು ಬಂದವಳು ನಾನು. ಕೊಲೆಗೆ ಮರಣದಂಡನೆಯೇ ಕಡ್ಡಾಯ ಎಂಬುದನ್ನು ತೆಗೆದುಹಾಕಿ ಜೀವಾವಧಿ ಎಂದು ಮಾಡಿದ ಮೊದಲ ಕಲಮನ್ನು ಭಾಷಣದ ಹಾಗೆ ಓದಿದೆ. ‘ಮೆಲ್ಲಗೆ ತಾಯಿ, ಇದು ಮೈದಾನ ಅಲ್ಲ’ ಎಂದು ಅಜ್ಜ ನಕ್ಕರು. ಹಾಗೇ ಒಂಬತ್ತನೆಯ ಕಲಮಿಗೆ ಬಂದೆ. ಈಗಾಗಲೇ ಮರಣದಂಡನೆಗೆ ಗುರಿಯಾದವರ ಪೈಕಿ, ಕಾಮಾ, ಈ ಕಾಯ್ದೆಯು ಗೆಜೆಟ್ಟಿನಲ್ಲಿ ಪ್ರಕಟವಾದ ದಿನದಂದು ಯಾರ ಕ್ಷಮಾದಾನದ ಅರ್ಜಿಯು ಇತ್ಯರ್ಥವಾಗದೆ ಬಾಕಿ ಇರುವುದೋ, ಕಾಮಾ, ಅವರಿಗೆ ಮಾತ್ರ ಅನ್ವಯಿಸತಕ್ಕದ್ದು, ಫುಲ್‌ಸ್ಟಾಪು. ಫುಲ್‌ಸ್ಟಾಪು ಅಂದ ಮೇಲೆ ನನಗೆ ಅರ್ಥವಾಯಿತು. ಅಜ್ಜ ಬೆರಳನ್ನು ಅಲ್ಲೇ ಒತ್ತಿಕೊಂಡು ಕೂತಿದ್ದರು. ನೀನು ಒಳಗಿರುವುದು ಅವರಿಗೆ ಗೊತ್ತು.

ನಿನ್ನ ಸಾಲಿನ ಆ ಐವರ ಅರ್ಜಿಗಳು ಬಾಕಿ ಇವೆ. ನಿನ್ನ ಅರ್ಜಿ ಎಲ್ಲೂ ಬಾಕಿ ಇಲ್ಲ, ಯಾಕೆಂದರೆ ನೀನು ಹಾಕಿಯೇ ಇಲ್ಲ. ಹಾಕಬೇಡ ಅಂದವಳು ನಾನು. ‘ಒಂದು ಅರ್ಜಿ ಗೀಚಿ ಕೊಟ್ಬಿಡ್ತೀನಿ ಕಣೇ, ಆ ಕಾವಲುಗಾರನ ಹೆಂಡ್ತಿಗೆ ತಪ್ಪಾಯ್ತು ಅಂತಾನೂ ಹೇಳ್ಬೇಕು ನಂಗೆ’ ಎಂದು ಜಾಲರಿ ಹಿಡಿದುಕೊಂಡು ನೀನು ಕೇಳಿದೆ. ‘ದಯೆ ಬೇಡೋದು ಗುಲಾಮರ ಕೆಲಸ, ನೀನು ಬಗ್ಗಿದ್ರೆ ನಾವೆಲ್ಲ ಬಗ್ಗಿದ ಹಾಗೆ’ ಎಂದು ನಾನು ನಿನ್ನ ಬಾಯಿ ಮುಚ್ಚಿಸಿದೆ. ನೀನು ‘ಆಯ್ತು ಬಿಡು, ಓದಿದೋಳು ನೀನು’ ಅಂದೆ. ನಾನಂದ ಆ ಮಾತು ಎಂಟು ಪುಟದ ಕರಪತ್ರದಿಂದ ಎತ್ತಿಕೊಂಡ ಸಾಲು. ಅದನ್ನು ಬರೆದ ಪುಣ್ಯಾತ್ಮನ ಅಣ್ಣ ಯಾರೂ ಒಳಗಿರಲಿಲ್ಲವೆಂದು ಕಾಣುತ್ತದೆ. ಟೈರು ಕದಿಯಲು ಹೋದ ಗೋದಾಮಿನಲ್ಲಿ ನೀನು ಗಾಬರಿಯಿಂದ ಬೀಸಿದ ಸಲಾಕೆಗೆ ಸತ್ತ ಆ ಕಾವಲುಗಾರ, ನಾಲ್ಕು ವರ್ಷದಲ್ಲಿ ನಾನು ಬರೆದ ಒಂದು ಹಾಳೆಯಲ್ಲೂ ಇಲ್ಲ. ನಿನ್ನೆ ಮನೆಗೆ ಬಂದು ಎಲ್ಲವನ್ನೂ ತೆಗೆದು ನೋಡಿದೆ. ಎಲ್ಲೂ ಇಲ್ಲ.

ಶುಕ್ರವಾರ ಗೆಜೆಟ್ ಹೊರಡುತ್ತದೆ. ಎರಡನೆಯ ಅನುಬಂಧ ಮೂಲಪ್ರತಿಯ ಜೊತೆ ಬಂದಿಲ್ಲವೆಂದು ಅಜ್ಜ ನಿನ್ನೆಯೇ ಇಲಾಖೆಗೆ ಚೀಟಿ ಕಳಿಸಿದರು. ನಿಜಕ್ಕೂ ಬಂದಿರಲಿಲ್ಲ. ಅದು ಬರದಿದ್ದರೆ ಮುದ್ರಣ ಮುಂದಿನ ಶುಕ್ರವಾರಕ್ಕೆ ಹೋಗುತ್ತಿತ್ತು. ನಾನು ಊಟ ಬಿಟ್ಟು ಬಾಗಿಲನ್ನೇ ನೋಡುತ್ತ ಕೂತೆ. ಇವತ್ತು ಮಧ್ಯಾಹ್ನ ಜವಾನ ಸೈಕಲ್ಲಿನಲ್ಲಿ ತಂದು ಮೇಜಿನ ಮೇಲಿಟ್ಟು, ‘ಬೇಗ ತಂದೆ ಅಲ್ವಾ?’ ಅಂದ. ‘ತಡ ಮಾಡೋಕೆ ಹುಡುಕಿ ಹುಡುಕಿ ನಂಗೆ ಸಿಕ್ಕಿದ್ದು ಇದೊಂದೇ ಕಣಮ್ಮ’ ಎಂದು ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಾನೇ ಆ ಅನುಬಂಧವನ್ನೂ ಓದಿದೆ.

ಅಮ್ಮನಿಗೆ ಹೇಳಿದೆ. ಮುಚ್ಚಿಡಲು ಆಗಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. ‘ನಿನ್ನ ಕರಪತ್ರದೋರು ಬಂದು ನನ್ನ ಮಗನ್ನ ಕೊಡ್ತಾರೇನೆ?’ ಅಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಂಬಿದ್ದನ್ನು ನಾನು ಬಿಟ್ಟಿಲ್ಲ ಅಣ್ಣಾ. ಯಾವ ಸರ್ಕಾರಕ್ಕೂ ಕೊಲ್ಲುವ ಹಕ್ಕಿಲ್ಲ. ನಾಳೆಯೂ ಚೌಕದಲ್ಲಿ ನಿಂತು ಅದನ್ನೇ ಕೂಗುತ್ತೇನೆ. ಆದರೆ ಕೂಗಿದ್ದು ನನ್ನ ಗಂಟಲು, ಪಣಕ್ಕಿಟ್ಟಿದ್ದು ನಿನ್ನ ಕುತ್ತಿಗೆ. ಇದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಎದೆಗೆ ಬೆಚ್ಚಗೆ ಹೊದ್ದುಕೊಳ್ಳಬೇಕಂತೆ. ಅಜ್ಜ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ತಂಗಿಯನ್ನು ಹರಸು ಎಂದು ಕೇಳುವ ಮುಖ ನನಗೆ ಉಳಿದಿಲ್ಲ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆಯೊಳಗೆ ಇನ್ನೊಂದು ಹಾಳೆ ಇದೆ, ತೆಗೆ. ನಿನ್ನ ಕ್ಷಮಾದಾನದ ಅರ್ಜಿ. ನಾನೇ ಬರೆದಿದ್ದೇನೆ. ದಯೆ ಎಂಬ ಮಾತು ಅದರಲ್ಲಿ ಏಳು ಸಲ ಬಂದಿದೆ. ಒಂದನ್ನೂ ಹೊಡೆದುಹಾಕಬೇಡ. ಕಾವಲುಗಾರನ ಹೆಂಡತಿಗೆ ಹೇಳಬೇಕಾದ್ದಕ್ಕೆ ನಡುವೆ ಜಾಗ ಬಿಟ್ಟಿದ್ದೇನೆ, ಅದನ್ನು ನೀನೇ ಬರಿ. ನಾಳೆ ಗುರುವಾರ ಸಂಜೆ ಐದರೊಳಗೆ ಜೈಲು ಕಚೇರಿಯ ಮುದ್ರೆ ಬಿದ್ದರೆ ಶುಕ್ರವಾರ ಅದು ಬಾಕಿ ಇರುವ ಅರ್ಜಿ. ‘ನನ್ ತಂಗಿ ಬೇಡ ಅಂದಿದ್ದಾಳೆ’ ಎಂದು ಹೋದ ಸಲದ ಹಾಗೆ ವಕೀಲರನ್ನು ವಾಪಸು ಕಳಿಸಬೇಡ. ಈಗ ತಂಗಿಯೇ ಹೇಳುತ್ತಿದ್ದಾಳೆ. ಈ ಲಕೋಟೆ ತರುವವರೂ ವಕೀಲರೇ, ಇದನ್ನು ನೀನು ಓದುವಾಗ ಅವರು ನಿನ್ನ ಎದುರಿಗೇ ಪೆನ್ನು ಹಿಡಿದು ನಿಂತಿರುತ್ತಾರೆ. ಸಹಿ ಮಾಡಣ್ಣಾ.