ಅರ್ಧ ನಿಮಿಷ ಅಲುಗಾಡದಿದ್ದರೆ

ಗುರುವಾರ, ಬೆಳಗ್ಗೆ ಹತ್ತು ಗಂಟೆ
ತಾಲೀಮು ಕೋಣೆಯಿಂದ

ಪ್ರೀತಿಯ ಅಮ್ಮನಿಗೆ,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮಂಗಳವಾರ ಸಭಾಂಗಣದಲ್ಲಿ ನೀನು ಅದರ ಮೇಲೆ ಓಡಿದ್ದನ್ನು ಡಾಕ್ಟರು ನೋಡಿದ್ದರೆ ನಮ್ಮಿಬ್ಬರಿಗೂ ಸೇರಿಸಿ ಬೈಯುತ್ತಿದ್ದರು. ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಇದನ್ನಾದರೆ ನೀನು ಓದದೆ ಬಿಡುವವಳಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವಳು ನೀನು.

ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಿಮ್ಮ ಅಗ್ನಿಶಾಮಕ ಠಾಣೆಗೆ ನೂರು ವರ್ಷ ತುಂಬುತ್ತದೆ, ಅಲ್ಲಿ ದುಡಿದವರ ಗೌರವಕ್ಕೆ ಇಡೀ ಆರ್ಕೆಸ್ಟ್ರಾ ನುಡಿಸುವಂಥ ಒಂದು ಕೃತಿ ಬರೆದುಕೊಡಿ ಎಂದು ಮುಖ್ಯಸ್ಥರು ಕೇಳಿದಾಗ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ನಿನಗೆ ಹೇಳಿದರೆ, "ಬೆಂಕಿ ಬಿದ್ದಾಗ ಬಾವಿ ತೋಡೋರನ್ನ ನೋಡಿದೀನಿ, ಪಿಟೀಲು ಶ್ರುತಿ ಮಾಡೋರನ್ನ ಈಗಲೇ ನೋಡ್ತಿರೋದು" ಎಂದುಬಿಟ್ಟೆ ನೀನು. ನಾನು ನಕ್ಕೆ. ಒಳಗೊಳಗೇ ಚುಚ್ಚಿತು ಅನ್ನುವುದು ಬೇರೆ ಮಾತು.

ಮೂರು ತಿಂಗಳು ದಿನಾ ಬೆಳಗ್ಗೆ ಠಾಣೆಗೆ ಹೋದೆ. ನೀನು ನಿವೃತ್ತಳಾಗಿ ನಾಲ್ಕು ವರ್ಷವಾದರೂ ನಿನ್ನ ಲೋಟ ಅಲ್ಲಿ ಇನ್ನೂ ಮೊಳೆಗೆ ನೇತಾಡುತ್ತಿದೆ, ಅದರಲ್ಲಿ ಯಾರೂ ಕುಡಿಯುವುದಿಲ್ಲ. ಮೊದಲ ದಿನ ಅಂಗಳದಲ್ಲಿ ಪೂರ್ತಿ ಉಡುಪು ತೊಟ್ಟು ನಿಂತವರೆಲ್ಲ ಮಾತಾಡುತ್ತಲೇ ಸೊಂಟ ಅಲುಗಿಸುತ್ತಿದ್ದರು. ಇದೇನು, ವಾದ್ಯ ಬರುವ ಮೊದಲೇ ಕುಣಿತ ಶುರುವಾಯಿತೇ ಅಂದುಕೊಂಡೆ. ನಿಮ್ಮ ಹಳೆಯ ಡ್ರೈವರ್ ಮಾವ, ಕೆಲಸ ಬಿಟ್ಟರೂ ಹಾಜರಿ ಬಿಡದವರು, ನಕ್ಕು ಒಬ್ಬರ ಎದೆಯ ಪಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಡಬ್ಬಿಯನ್ನು ತೋರಿಸಿದರು. ಹಾಕಿಕೊಂಡವರು ಅರ್ಧ ನಿಮಿಷ ಅಲುಗಾಡದಿದ್ದರೆ ಅದು ಕಿರುಚುತ್ತದಂತೆ. ಹೊಗೆಯೊಳಗೆ ತಮ್ಮವರು ಯಾರೋ ಬಿದ್ದಿದ್ದಾರೆ ಎಂದು ಉಳಿದವರಿಗೆ ಗೊತ್ತಾಗುವುದು ಹಾಗೆ. ಸುಮ್ಮನೆ ನಿಂತಾಗ ಅದು ಕೂಗಿಕೊಳ್ಳದಿರಲಿ ಎಂದು ಈ ಕುಣಿತ. ನನಗೆ ಥಟ್ಟನೆ ನೆನಪಾಯಿತು, ಹಾಲು ಕಾಯುವುದನ್ನೇ ನೋಡುತ್ತ ಒಲೆಯ ಮುಂದೆ ನೀನೂ ಹೀಗೇ ಅಲುಗಾಡುತ್ತಿದ್ದೆ. ಯಾವಾಗ ಮನೆಯಿಂದ ಓಡಲಿ ಎಂಬ ಚಡಪಡಿಕೆ ಅದು ಎಂದು ನಾನು ತಿಳಿದಿದ್ದೆ. ಇಷ್ಟು ವರ್ಷವೂ ಹಾಗೇ ತಿಳಿದಿದ್ದೆ.

ಡಬ್ಬಿ ಕಿರುಚುವ ಸದ್ದನ್ನು ರೆಕಾರ್ಡ್ ಮಾಡಿಕೊಂಡೆ. ಸಂಗೀತ ಬರೆಯುವವರ ದುರಾಸೆ ನಿನಗೆ ಗೊತ್ತಿಲ್ಲ. ಒಳ್ಳೆಯ ಶಬ್ದ ಸಿಕ್ಕಿತೆಂದರೆ ಅದು ಯಾರದ್ದು, ಯಾತಕ್ಕಾಗಿ ಇದೆ ಎಂದು ಕೇಳುವ ಜಾತಿಯವರಲ್ಲ ನಾವು. ಮೂರನೇ ಭಾಗದ ಕೊನೆಯಲ್ಲಿ ನಗಾರಿ, ತುತ್ತೂರಿಗಳೆಲ್ಲ ಒಮ್ಮೆಲೇ ನಿಂತ ಮೇಲೆ ಮೂರು ಸಣ್ಣ ಕೊಳಲುಗಳಿಗೆ ಅದನ್ನೇ ಬರೆದೆ, ಸ್ವರಕ್ಕೆ ಸ್ವರ. ಕೇಳುವವರು ಬೆಚ್ಚಿಬೀಳಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಠಾಣೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಂಗಳವಾರದ ತಾಲೀಮಿಗೆ ಈಗಿನವರು, ನಿವೃತ್ತರು ಸೇರಿ ನಲವತ್ತು ಜನ ಬಂದರು. ಬರುವುದಿಲ್ಲ ಅಂದಿದ್ದ ನೀನೂ ಬಂದು, ಎಂದಿನಂತೆ ಕೊನೆಯ ಸಾಲಿನಲ್ಲಿ, ಹೊರಬಾಗಿಲಿನ ಪಕ್ಕ ಕೂತೆ. ನೋಡಿಯೂ ನೋಡದವಳಂತೆ ನಾನು ವೇದಿಕೆಯ ಕಡೆ ತಿರುಗಿ, ವಾದ್ಯಗಾರರಿಗೆ ಸನ್ನೆ ಮಾಡುವ ಕೋಲೆತ್ತಿದೆ.

ಆ ಜಾಗ ಬಂತು. ಕೊಳಲುಗಳು ಕಿರುಚಿದವು. ಪಿಟೀಲಿನವರು ಕಮಾನು ಎತ್ತುವುದನ್ನು ಮರೆತು ನನ್ನ ಹೆಗಲಿನಾಚೆ ಏನನ್ನೋ ನೋಡುತ್ತಿದ್ದರು. ಇವರಿಗೇನು ಬಂತು ಎಂದು ಸಿಡುಕಿ ನಾನೂ ತಿರುಗಿದೆ.

ನಲವತ್ತೂ ಜನ ಎದ್ದಿದ್ದರು. ಬಾಗಿಲಿನ ಕಡೆ ಒಬ್ಬರೂ ಹೋಗುತ್ತಿರಲಿಲ್ಲ. ಎಲ್ಲರೂ ಆ ಶಬ್ದದ ಕಡೆಗೆ ಬರುತ್ತಿದ್ದರು. ಯಾರೂ ಯಾರನ್ನೂ ಕರೆಯಲಿಲ್ಲ, ಒಂದು ಕಣ್ಸನ್ನೆಯೂ ಇಲ್ಲ. ಎಪ್ಪತ್ತು ದಾಟಿದ ಡ್ರೈವರ್ ಮಾವ ಎರಡು ಸಾಲು ಕುರ್ಚಿಗಳನ್ನು ಹತ್ತಿ ಇಳಿದುಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ ನೀನಿದ್ದೆ. ಕೊನೆಯ ಸಾಲಿನಿಂದ, ಆ ಮಂಡಿ ಇಟ್ಟುಕೊಂಡು, ಎಲ್ಲರಿಗಿಂತ ಮುಂದೆ.

ಕೋಲು ಕೈಯಿಂದ ಜಾರಿದ್ದು ನನಗೆ ತಿಳಿಯಲಿಲ್ಲ.

ಎಂಟನೇ ವಯಸ್ಸಿನಲ್ಲಿ ಶಾಲೆಯ ವೇದಿಕೆಯ ಮೇಲೆ ನಾನು ಮೊದಲ ಸಲ ಪಿಟೀಲು ಹಿಡಿದು ನಿಂತಾಗ ಠಾಣೆಯ ಸೈರನ್ ಕೂಗಿತು, ನೀನು ಎದ್ದು ಹೋದೆ. ನಾನು ಅರ್ಧಕ್ಕೇ ನಿಲ್ಲಿಸಿ ಅಳುತ್ತ ಕೆಳಗಿಳಿದೆ. ಅಲ್ಲಿಂದ ಮುಂದೆ ನನಗೆ ಗೊತ್ತಿದ್ದದ್ದು ನಿನ್ನ ಬೆನ್ನು. ಊಟದ ನಡುವೆ, ನನ್ನ ಜ್ವರದ ನಡುವೆ, ಹೇಳುತ್ತಿದ್ದ ಕತೆಯ ನಡುವೆ ಎದ್ದು ಹೋಗುವ ಬೆನ್ನು. ಮೂವತ್ತು ವರ್ಷ ಅದರ ಮೇಲೆ ಹಲ್ಲು ಕಡಿದಿದ್ದೇನೆ. ಅದರ ಇನ್ನೊಂದು ಬದಿಯಲ್ಲಿ ಇಂಥ ಮುಖವಿರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಮಂಗಳವಾರ ನೋಡಿದೆ. ಹೆದರಿಕೆ ಇರಲಿಲ್ಲ, ಶೌರ್ಯ ಗೀರ್ಯ ಏನೂ ಇರಲಿಲ್ಲ. ಇರು, ಬಂದೆ ಅನ್ನುವ ಮುಖ, ಅಷ್ಟೇ. ಗುರುತು ಪರಿಚಯವಿಲ್ಲದ ಎಷ್ಟು ಜನ ಆ ಮುಖವನ್ನು ನೋಡಿರಬೇಕು ಎಂದು ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು.

ಆಮೇಲೆ ನಿಮಗೆಲ್ಲ ವಿಷಯ ಹೊಳೆಯಿತು. ಡ್ರೈವರ್ ಮಾವ ಬೆವರು ಒರೆಸಿಕೊಂಡು, "ತಪ್ಪು ತಿಳ್ಕೋಬೇಡ ಮಗಳೇ, ಆ ಶಬ್ದ ಕೇಳಿದ್ರೆ ಕಾಲು ನಮ್ಮ ಮಾತು ಕೇಳಲ್ಲ" ಎಂದರು. ನೀನು ವೇದಿಕೆಯ ಅಂಚು ಹಿಡಿದು ಕೊಳಲಿನವರನ್ನು ಒಬ್ಬೊಬ್ಬರಾಗಿ ನೋಡಿದೆ. ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದೆ. ಆಮೇಲೆ ಕುಂಟುತ್ತ ಹೊರಟುಹೋದೆ.

ಆ ಶಬ್ದವನ್ನು ತೆಗೆದುಹಾಕಿದ್ದೇನೆ. ಅಲ್ಲೀಗ ಅರ್ಧ ನಿಮಿಷ ಮೌನ. ಆದರೆ ಎಂಬತ್ತು ಜನ ವಾದ್ಯಗಾರರೂ ಕೂತಲ್ಲೇ ಮೆಲ್ಲಗೆ ಅಲುಗಾಡುತ್ತಿರಬೇಕು, ಠಾಣೆಯ ಅಂಗಳದಲ್ಲಿ ನೀವು ಮಾಡುವ ಹಾಗೆ. ಈ ವಯಸ್ಸಲ್ಲಿ ನಮ್ಮನ್ನು ಕುಣಿಸ್ತೀರಲ್ಲ ಎಂದು ನಗಾರಿಯವರು ಗೊಣಗಿದರು. ಕಾರಣ ಹೇಳಿದ ಮೇಲೆ ಎಲ್ಲರಿಗಿಂತ ಶ್ರದ್ಧೆಯಿಂದ ಅವರೇ ಅಲುಗಾಡುತ್ತಿದ್ದಾರೆ. ಉಳಿದ ಶ್ರೋತೃಗಳಿಗೆ ಅದೇನೆಂದು ತಿಳಿಯಲಿಕ್ಕಿಲ್ಲ. ನಿಮಗೆ ತಿಳಿಯುತ್ತದೆ, ಎಲ್ಲರೂ ಇದ್ದಾರೆ, ಯಾರೂ ಬಿದ್ದಿಲ್ಲ ಎಂದು.

ಭಾನುವಾರದ ಕಾರ್ಯಕ್ರಮಕ್ಕೆ ಬಾ ಅಮ್ಮ. ನೀನು ಬರದಿದ್ದರೆ ಸಾವಿರ ಜನ ಕೂತಿದ್ದರೂ ನನ್ನ ಪಾಲಿಗೆ ಅದು ಖಾಲಿ ಸಭಾಂಗಣ. ಮೊದಲ ಸಾಲಿನ ಅಂಚಿನ ಕುರ್ಚಿಯನ್ನು ನಿನಗೆಂದು ಇಟ್ಟಿದ್ದೇನೆ. ನಡುವೆ ಎದ್ದು ಹೋಗಬೇಕಾಗಿ ಬಂದರೆ ಹೋಗು. ಈ ಸಲ ನಾನು ಅರ್ಧಕ್ಕೆ ನಿಲ್ಲಿಸುವುದಿಲ್ಲ.

ನಿನ್ನ
ಪೀಪಿ

ತಾ.ಕ.: ಇನ್ನೊಂದು ವಿಷಯವಿದೆ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ನಮ್ಮ ಮನೆಗೇ ಬೆಂಕಿ ಬಿದ್ದಿದೆ ಎಂದು ಠಾಣೆಗೆ ಫೋನ್ ಬಂದು ನೀನೇ ಎತ್ತಿಕೊಂಡಿದ್ದೆಯಲ್ಲ, ಕರೆ ಮಾಡಿದವರು ಪತ್ತೆಯಾಗಲಿಲ್ಲ ಎಂದು ನೀನು ವರದಿ ಬರೆದೆಯಲ್ಲ, ಅದನ್ನು ಮಾಡಿದವಳು ನಾನು. ಹಾಗಾದರೂ ನೀನು ಮನೆಗೆ ಬರುತ್ತೀಯೆಂದು ಮೂಗು ಹಿಡಿದುಕೊಂಡು ದೊಡ್ಡವರಂತೆ ಮಾತಾಡಿದ್ದೆ. ಆಮೇಲೆ ಹೆದರಿ ಮಂಚದ ಕೆಳಗೆ ಸೇರಿಕೊಂಡೆ. ನೀನು ಎಳೆದು ಎತ್ತಿಕೊಂಡಾಗ ಹೊಗೆಗೆ ಹಾಕುವ ಮುಖವಾಡ ಹಾಕಿದ್ದೆ, ನಿನ್ನ ಮುಖ ಕಾಣಲಿಲ್ಲ. ಅಂದಿನಿಂದ ಇಂದಿನವರೆಗೆ ನೀನು ಏನೂ ಕೇಳಿಲ್ಲ. ನಿನಗೆ ಗೊತ್ತಿತ್ತು, ಅಲ್ಲವೇ? ನನ್ನ ದನಿಗೆ ಪೀಪಿ ಎಂದು ಹೆಸರಿಟ್ಟವಳಿಗೆ ನನ್ನ ದನಿ ಗೊತ್ತಾಗದೇ ಇರುತ್ತದೆಯೇ. ಮಂಗಳವಾರದ್ದು ನನ್ನ ಎರಡನೇ ಸುಳ್ಳು ಕರೆ. ಎರಡಕ್ಕೂ ನೀನು ಓಡಿ ಬಂದೆ. ಭಾನುವಾರ ಸಂಜೆ ಆರು ಗಂಟೆಯದ್ದು ನಿಜವಾದ ಕರೆ.