ಗುಲಾಬಿ ಹುಳಿಯುವ ಕೈ

ಕನೌಜ್,
೨೮ ಮಾರ್ಚ್ ೧೯೮೮, ಸೋಮವಾರ

ಮಸ್ಕತ್ತಿನಲ್ಲಿರುವ ನಮ್ಮ ಯಜಮಾನರಿಗೆ ಕನೀಜಳ ಸಲಾಮು.

ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಬೆನ್ನು ನೋವು ಹೇಗಿದೆ? ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಡಿ, ಗಿರಾಕಿ ಇಲ್ಲದಾಗ ಒಂದು ಗಳಿಗೆಯಾದರೂ ಕೂತುಕೊಳ್ಳಿ. ಅಲ್ಲಿಯ ಬಿಸಿಲು ಮಾರ್ಚಿನಲ್ಲೇ ಹೀಗಿದ್ದರೆ ಜೂನಿಗೆ ಏನು ಮಾಡುತ್ತೀರೋ ಎಂದು ಯೋಚನೆಯಾಗುತ್ತದೆ. ಇಲ್ಲಿ ನಾವೆಲ್ಲ ಕ್ಷೇಮ. ಈ ಸಲ ಗುಲಾಬಿ ಚೆನ್ನಾಗಿ ಬಂದಿದೆ. ಬೆಳಗಿನ ಜಾವಕ್ಕೆ ಮೂಟೆಗಳು ಬಂದು ಅಂಗಳದಲ್ಲಿ ಬೀಳುತ್ತವೆ, ಮನೆಯೊಳಗೆ ರೊಟ್ಟಿ ತಿಂದರೂ ಗುಲಾಬಿ ತಿಂದ ಹಾಗೆ. ಬದ್ಲೂ ಕಾಕಾ ಅತ್ತರು ಇಳಿಸುವ ನಾಲ್ಕು ಹಂಡೆಗಳನ್ನೂ ಹಚ್ಚಿದ್ದಾರೆ. ವಯಸ್ಸಾಯಿತು, ಬಗ್ಗಿ ಉರಿ ನೋಡುವಾಗ ಸೊಂಟಕ್ಕೆ ಕೈ ಕೊಡುತ್ತಾರೆ. ಆದರೂ ಇನ್ನೊಬ್ಬರನ್ನು ಹಂಡೆಯ ಹತ್ತಿರ ಬಿಡುವುದಿಲ್ಲ. ನಿಮ್ಮ ಅಮ್ಮಿ ಕೂಡ ಕ್ಷೇಮ. ಎರಡು ಹೊತ್ತು ಊಟ ಮಾಡುತ್ತಾರೆ. ಮಾತು ಕಡಿಮೆಯಾಗಿದೆ, ಅಷ್ಟೇ.

ನೀವು ಅಮ್ಮಿಗೆ ಬರೆದ ಪತ್ರ ಇದೇ ತಿಂಗಳ ಮೊದಲ ವಾರ ಬಂತು. ಈ ಮನೆಯಲ್ಲಿ ಪತ್ರ ಓದುವವರು ಯಾರೆಂದು ನಿಮಗೆ ಗೊತ್ತು. ಆದರೂ ಬರೆದಿದ್ದೀರಿ. ಬರೆಯುವಾಗ ಅದು ನೆನಪಿಗೆ ಬಂದಿರಲಿಕ್ಕಿಲ್ಲ, ನಾನು ತಪ್ಪು ತಿಳಿದುಕೊಂಡಿಲ್ಲ. "ಕನೀಜಳ ಮೈ ನಮ್ಮ ಮನೆಗೆ ಒಗ್ಗದಿದ್ದರೆ ಏನು ಮಾಡಲಾದೀತು, ಅವಳನ್ನು ಹರ್ದೋಯಿಯ ತವರಿಗೆ ಕಳಿಸಿಬಿಡಿ, ನಿಗಾರಳ ಸಂಬಂಧದ ವಿಷಯ ನಿಮಗೆ ಸರಿಕಂಡಂತೆ ಮಾಡಿ" ಎಂದು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮಿ ಅಡಕೆ ಕತ್ತರಿಸುತ್ತಾ, "ಇನ್ನೊಂದ್ಸಲ ಓದು, ಆ ಕೊನೇ ಮಾತು ಕೇಳಿಸ್ಲಿಲ್ಲ" ಎಂದರು. ಇನ್ನೊಂದು ಸಲ ಓದಿದೆ. ನಿಮ್ಮ ಅಕ್ಷರ ದುಂಡಗಿದೆ, ಎಲ್ಲೂ ತಡವರಿಸಲಿಲ್ಲ.

ಎರಡು ವರ್ಷದಿಂದ ನನ್ನ ಎಡಗೈ ನನ್ನದಾಗಿರಲಿಲ್ಲ. ಅತ್ತರು ಹತ್ತಿಯ ಮೇಲೆ ಹೇಳುವುದು ಒಂದು, ಮೈಯ ಮೇಲೆ ಹೇಳುವುದು ಇನ್ನೊಂದು, ಆದ್ದರಿಂದ ಹೊಸ ಮಾಲನ್ನು ಮನೆಯ ಹೆಂಗಸಿನ ಮಣಿಕಟ್ಟಿಗೆ ಹಚ್ಚಿ ಸಂಜೆಯವರೆಗೆ ಕಾಯಬೇಕೆಂಬುದು ನಿಮ್ಮ ಅಜ್ಜಿಯ ಕಾಲದ ಪದ್ಧತಿ. ಮೈ ಒಬ್ಬರದು, ಮೂಗು ಇನ್ನೊಬ್ಬರದು. ಕೈ ಕೊಟ್ಟವಳು ತಾನೇ ಮೂಸಿಕೊಳ್ಳಬಾರದು, ಬೇರೆ ಯಾರೂ ಹತ್ತಿರ ಬರಬಾರದು. ಹಚ್ಚಿದಾಗ ಒಮ್ಮೆ, ನಡುಹಗಲಿನ ನಮಾಜಿಗೆ ಮೊದಲು ಒಮ್ಮೆ, ಬಿಸಿಲು ಇಳಿದಾಗ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಕೊನೆಯದಾಗಿ ಒಮ್ಮೆ. ಅಮ್ಮಿ ನನ್ನ ಕೈಯನ್ನು ತರಕಾರಿ ಆರಿಸುವ ಹಾಗೆ ಎತ್ತಿ ತಿರುಗಿಸಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಮೊದಲ ಸಲಕ್ಕೆ "ಹೂಂ, ಎಲೆ ಹಸಿರಾಗಿದೆ" ಎನ್ನುತ್ತಿದ್ದರು. ಎರಡನೆಯದಕ್ಕೆ "ಹೂ ಬಿಡ್ತಾ ಇದೆ." ಮೂರನೆಯದಕ್ಕೆ ಮುಖ ಸಿಂಡರಿಸುತ್ತಿದ್ದರು. ಸಂಜೆಗೆ ನನ್ನ ಕೈಯನ್ನು ತೊಡೆಯ ಮೇಲೆ ಬಿಟ್ಟು, "ಹುಳಿ. ಮತ್ತೆ ಹುಳಿ. ಗುಲಾಬಿ ತಂದು ಮಜ್ಜಿಗೆ ಗಡಿಗೆಗೆ ಹಾಕ್ದಂಗಾಯ್ತು. ಹರ್ದೋಯಿಯೋರ ಮೈಯಲ್ಲಿ ಏನು ತುಂಬಿ ಕಳ್ಸಿದಾರೋ" ಎನ್ನುತ್ತಿದ್ದರು. ಕೇದಗೆ ಹಚ್ಚಿದರೂ ಹುಳಿ, ಮಲ್ಲಿಗೆಗೂ ಹುಳಿ, ಮಳೆ ಬಿದ್ದ ಮಣ್ಣಿನ ಅತ್ತರಿಗೂ ಹುಳಿ. ಆ ಮಾಲೆಲ್ಲ ಚರ್ಮದ ಕುಪ್ಪಿಗಳಲ್ಲಿ ಒಳಕೋಣೆಗೆ ಹೋಗಿ ಕೂರುತ್ತಿತ್ತು. ನಿಮಗೆ ಮಾಲು ಬರುವುದು ತಡವಾಗುತ್ತಿತ್ತು. ಕೆಡುಕು ಮಾಲಿನದಲ್ಲ, ಸೊಸೆಯ ಮೈಯದು ಎಂದು ಕೊಳ್ಳುವವರಿಗೂ ಗೊತ್ತಾಗಿತ್ತು. ಮದುವೆಮನೆಗೆ ಹೋದರೆ ಹೆಂಗಸರು ನನ್ನ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದರು. ಒಂದೆರಡು ಸಲ ಬಚ್ಚಲಲ್ಲಿ ಕದ್ದು ನನ್ನ ಕೈ ನಾನೇ ಮೂಸಿ ನೋಡಿದ್ದೆ. ನನಗೆ ಅದು ಜೇನು ಹಾಕಿ ಅರೆದ ಚಂದನದ ಹಾಗೆ ಅನಿಸಿತ್ತು. ಆದರೆ ಅಮ್ಮಿಯ ಮೂಗಿನ ಮುಂದೆ ನನ್ನ ಮೂಗು ಯಾವ ಲೆಕ್ಕ? ನನ್ನ ಮೂಗೇ ಸುಳ್ಳು ಎಂದುಕೊಂಡು ಹೊರಗೆ ಬರುತ್ತಿದ್ದೆ.

ನಿಮ್ಮ ಪತ್ರ ಬಂದ ನಾಲ್ಕನೆಯ ದಿನ ಒಂದು ಹಂಡೆಯಲ್ಲಿ ನೀರು ಬತ್ತಿ ತಳ ಹಿಡಿಯಿತು. ಬದ್ಲೂ ಕಾಕಾ ನಮಾಜಿಗೆ ಹೋಗಿದ್ದರು. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ, ಅಲ್ಲಿಗೇ ಬಂತು ವಾಸನೆ, ಗುಲಾಬಿಯ ಎಸಳು ಸುಟ್ಟ ಕಮಟು, ಗಂಟಲಿಗೆ ಹತ್ತುವಂಥದು. ಕೆಳಗೆ ಓಡಿ ಬಂದೆ. ಅಮ್ಮಿ ಆ ಹಂಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮಂಚದ ಮೇಲೆ ಕೂತು ಜಪಮಣಿ ಎಣಿಸುತ್ತಿದ್ದರು. ನನ್ನನ್ನು ನೋಡಿ, "ಯಾಕೆ ಕುದುರೆ ಹಾಗೆ ಓಡ್ತೀಯಾ, ಸೊಸೆಯಂದಿರು ಹೀಗಾ ಮೆಟ್ಟಿಲಿಳಿಯೋದು?" ಎಂದು ಬೈದರು. ನಾನು ಉರಿ ಎಳೆದು ನೀರು ಹೊಯ್ದೆ. ಹೊಗೆಯನ್ನು ನೋಡಿದ ಮೇಲೆ ಅಮ್ಮಿ ಸೆರಗನ್ನು ಮೂಗಿಗೆ ಹಿಡಿದರು. ಹೊಗೆಯನ್ನು ನೋಡಿದ ಮೇಲೆ ಮಾತ್ರ.

ಆ ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ನಿಮಗೂ ಬರೆಯಲಿಲ್ಲ. ಬರೆದರೆ ನೀವು ಅಮ್ಮಿಗೇ ಬರೆದು ಕೇಳುತ್ತಿದ್ದಿರಿ.

ಕಳೆದ ಗುರುವಾರ ಫೂಫಿ ಕಾನ್ಪುರದಿಂದ ತಮ್ಮ ಮಗಳು ನಿಗಾರಳನ್ನು ಕರೆದುಕೊಂಡು ಬಂದರು. ನಿಮ್ಮ ಸೋದರತ್ತೆಯ ಮಗಳು ದೊಡ್ಡವಳಾಗಿದ್ದಾಳೆ, ಚೆಲುವೆಯೇ, ಇಂಟರ್ ಪಾಸಾಗಿದ್ದಾಳೆ, ನಗುವಾಗ ಬಾಯಿಗೆ ಕೈ ಹಿಡಿಯುತ್ತಾಳೆ. ಇಬ್ಬರ ಕೈಗೂ ಒಂದೇ ಗುಲಾಬಿ ಹಚ್ಚಿ ಸಂಜೆಯವರೆಗೆ ನೋಡುವುದು, ನನ್ನದು ಹುಳಿದು ಅವಳದು ನಿಂತರೆ ಭಾನುವಾರ ನನ್ನನ್ನು ಕರೆದೊಯ್ಯಲು ಅಣ್ಣನಿಗೆ ಹೇಳಿಕಳಿಸುವುದು ಎಂದು ಮಾತಾಗಿತ್ತು. ಅಕ್ಕಪಕ್ಕದ ಹೆಂಗಸರೂ ಬಂದು ಜಗಲಿಯಲ್ಲಿ ಕೂತರು. ಅಮ್ಮಿ ಹೇಳಿದರು, "ಹೋಗು, ಹೊಸ ಗುಲಾಬಿ ಶೀಶೆ ತಗೊಂಡು ಬಾ. ಕೊನೇ ಸಲಕ್ಕೆ ಇದೊಂದು ಕೆಲ್ಸ ನೆಟ್ಟಗೆ ಮಾಡು."

ನೆಟ್ಟಗೆ ಮಾಡಿದೆ. ಶೀಶೆಯಲ್ಲಿ ತಲೆಗೆ ಹಚ್ಚುವ ಎಳ್ಳೆಣ್ಣೆ ತುಂಬಿಸಿ ತಂದುಕೊಟ್ಟೆ. ತೊಳೆದ ಎಳ್ಳಿನ ತಿಳಿ ಎಣ್ಣೆ, ಬಣ್ಣ ಅತ್ತರಿನದೇ.

ಅಮ್ಮಿ ಬಿರಡೆ ತೆಗೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಸುಬ್ಹಾನಲ್ಲಾ. ಈ ಸಲದ್ದು ರಾಣಿ" ಎಂದರು. ಗಾಜಿನ ಕಡ್ಡಿಯಲ್ಲಿ ಮೊದಲು ನಿಗಾರಳಿಗೆ, ಆಮೇಲೆ ನನಗೆ ಹಚ್ಚಿದರು. ಮೂಟೆ ಮೂಟೆ ಹೂ ಬಿದ್ದ ಅಂಗಳದಲ್ಲಿ ಯಾರ ಕೈ ಏನು ನಾರುತ್ತದೆಂದು ದೂರ ಕೂತವರಿಗೆ ತಿಳಿಯುವುದಿಲ್ಲ. ನಡುಹಗಲಿಗೆ ನಿಗಾರಳ ಕೈ ಹಿಡಿದು, "ನೋಡು ನಮ್ಮ ಹುಡುಗಿ ಕೈನಲ್ಲಿ ಹೂವು ಹ್ಯಾಗೆ ಬಾಯಿ ಬಿಟ್ಟಿದೆ" ಎಂದರು. ನನ್ನ ಕೈಗೆ, "ಶುರುವಾಯ್ತು." ಊಟಕ್ಕೆ ನಾನೇ ತಹರಿ ಅನ್ನ ಬಡಿಸಿದೆ. ಫೂಫಿ ನನ್ನ ಎಡಗೈ ತಟ್ಟೆಯ ಮೇಲೆ ಬರದ ಹಾಗೆ ತಟ್ಟೆ ಸರಿಸಿಕೊಂಡು, "ಬೇಜಾರು ಮಾಡ್ಕೋಬೇಡಮ್ಮ, ಮೈ ಅಲ್ಲಾ ಕೊಡೋದು. ಹರ್ದೋಯಿಯಲ್ಲಿ ಅತ್ತರು ಬೇಕಿಲ್ಲದ ಮನೆ ಎಷ್ಟೋ ಇದಾವೆ" ಎಂದರು. ನಿಗಾರ್ ಕಂಬದ ಹಿಂದೆ ಹೋಗಿ ತನ್ನ ಮಣಿಕಟ್ಟು ಮೂಸಿಕೊಂಡದ್ದನ್ನು ನಾನು ನೋಡಿದೆ. ಒಮ್ಮೆ ಮೂಸಿದಳು, ಹುಬ್ಬು ಗಂಟಿಕ್ಕಿದಳು, ಇನ್ನೊಮ್ಮೆ ಮೂಸಿದಳು. ಆಮೇಲೆ ಬಂದು ಅಮ್ಮಿಯ ಪಕ್ಕ ಕೂತು ಬಾಯಿಗೆ ಕೈ ಹಿಡಿದು ನಕ್ಕಳು. ಓದಿದ ಹುಡುಗಿ, ಏನು ಹೇಳಬಾರದೆಂದು ಗೊತ್ತಿದೆ.

ದೀಪ ಹಚ್ಚುವ ಹೊತ್ತಾಯಿತು. ಅಮ್ಮಿ ನಿಗಾರಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿದರು. ಕಣ್ಣಲ್ಲಿ ನೀರು ಬಂತು. "ಹೂವು ಹೋಯ್ತು, ಜೇನು ಬಂತು. ಜೇನಿನ ಅಡಿಗೆ ಚಂದನ ಕೂತಿದೆ. ಎರಡು ವರ್ಷದಿಂದ ಇಂಥಾ ಕೈಗೆ ಕಾದಿದ್ದೆ" ಎಂದರು. ಜಗಲಿಯ ಹೆಂಗಸರು ಮಾಷಾ ಅಲ್ಲಾ ಎಂದರು. ನನ್ನ ಕೈಯನ್ನು ಅರೆಗಳಿಗೆ ಹಿಡಿದು ಬಿಟ್ಟರು. "ಇದು ಮಜ್ಜಿಗೆ."

ಆಗ ನಾನು ಎದ್ದು, ಅಂಗಳದ ಬಾಗಿಲ ಹತ್ತಿರ ನಿಂತಿದ್ದ ಬದ್ಲೂ ಕಾಕಾನಿಗೆ ಶೀಶೆ ಕೊಟ್ಟೆ. "ಕಾಕಾ, ಇದು ಎಷ್ಟನೇ ಹಂಡೆಯದು ನೋಡಿ ಹೇಳಿ" ಎಂದೆ. ಅಷ್ಟೇ ಕೇಳಿದ್ದು. ಅವರು ಬಿರಡೆ ತೆಗೆದು ಮೂಸಿದರು, ಬೆರಳಿಗೆ ಹಚ್ಚಿ ತಿಕ್ಕಿ ಮತ್ತೆ ಮೂಸಿದರು. "ಇದು ಹಂಡೇದಲ್ಲ ಬೇಟಿ, ಎಳ್ಳೆಣ್ಣೆ. ಯಾರು ತುಂಬ್ಸಿದ್ದು ಇದ್ರಲ್ಲಿ?" ಎಂದರು. ನಲವತ್ತು ವರ್ಷ ಅಮ್ಮಿಯ ಉಪ್ಪು ತಿಂದ ಮನುಷ್ಯ. ಹೇಳಿದ ಮೇಲೆ ಎಲ್ಲರ ಮುಖ ನೋಡಿ ಅವರಿಗೆ ಅರ್ಥವಾಯಿತು, ಅಲ್ಲೇ ನೆಲ ನೋಡುತ್ತಾ ನಿಂತರು. ಅಮ್ಮಿ ಶೀಶೆಯನ್ನು ಕಸಿದು ಮೂಗಿಗೆ ಹಿಡಿದರು. ಮತ್ತೆ ಹಿಡಿದರು. ಎಣ್ಣೆ ತುಟಿಗೆ ತಾಗಿ ಗದ್ದಕ್ಕೆ ಇಳಿಯುವಷ್ಟು ಒತ್ತಿ ಹಿಡಿದರು. ಎಲ್ಲರೂ ನೋಡುತ್ತಿದ್ದರು. ಮೊದಲು ಮಾತಾಡಿದವರು ಫೂಫಿ. "ಎಳ್ಳೆಣ್ಣೇಲಿ ಜೇನು ಎಲ್ಲಿಂದ ಬಂತು ಭಾಬಿ? ನನ್ನ ಮಗಳನ್ನ ಇಷ್ಟು ಜನದ ಮುಂದೆ ಕೂರ್ಸಿ ಆಟ ಆಡ್ಸಿದ್ರಾ?" ಜಗಲಿಯಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಿಮ್ಮ ಆಣೆ. ಚಹಾ ಮಾಡಲು ಹೋದೆ. ಚಹಾ ಆಗುವುದರೊಳಗೆ ಫೂಫಿ ಗಾಡಿ ಹತ್ತಿದ್ದರು.

ಮರುದಿನ ಒಳಕೋಣೆಯ ಕುಪ್ಪಿಗಳನ್ನು ಬದ್ಲೂ ಕಾಕಾ ಒಂದೊಂದಾಗಿ ಬಿಚ್ಚಿ ನೋಡಿದರು. ಒಂದೂ ಕೆಟ್ಟಿಲ್ಲ. ಹುಳಿ ಎಂದುಬಿಟ್ಟರೆ ಅಮ್ಮಿಗೆ ಅಪಾಯವಿಲ್ಲ, ಚೆನ್ನಾಗಿದೆ ಎಂದು ಕಳಿಸಿ ಅದು ವಾಪಸು ಬಂದರೆ ಮೂಗಿನ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಎರಡು ವರ್ಷ ಎಲ್ಲವೂ ನನ್ನ ಮೈಯ ಮೇಲೆ ಹುಳಿಯಿತು. ನಿಮಗೆ ಈ ವಾರ ಆರು ಕುಪ್ಪಿ ಬರುತ್ತದೆ, ಸಂತೋಷಪಡಿ.

ಶನಿವಾರ ಬೆಳಿಗ್ಗೆ ಅಮ್ಮಿ ಅಡುಗೆಮನೆಗೆ ಬಂದು ನನ್ನ ಪಕ್ಕ ಮಣೆ ಹಾಕಿಕೊಂಡು ಕೂತರು. "ನಿನ್ನ ಮಾವ ತೀರಿಕೊಂಡ ಚಳಿಗಾಲ ನಂಗೊಂದು ಜ್ವರ ಬಂತು ಮಗಳೇ. ಎದ್ದು ಕೂತಾಗ ಯಾವ ವಾಸನೆಯೂ ಇರ್ಲಿಲ್ಲ. ಅವರ ಅಂಗಿ ಮೂಸಿದೆ, ಅದ್ರಲ್ಲೂ ಇರ್ಲಿಲ್ಲ" ಎಂದರು. ಮಗಳೇ ಎಂದು ಕರೆದದ್ದು ಅದೇ ಮೊದಲು. ಮೊದಲಾದರೆ ನಾನು ಅತ್ತುಬಿಡುತ್ತಿದ್ದೆನೇನೋ. ಆಮೇಲೆ ಬಳೆ ಮೇಲೆ ಸರಿಸಿ ಮಣಿಕಟ್ಟು ಚಾಚಿದರು. "ನನಗೆ ಗುಲಾಬಿ ಹಚ್ಚು. ಅದು ಏನು ಮಾಡ್ತಾ ಇದೆ ಅಂತ ಹೇಳು. ನೀನು ಹೇಳಿದ್ರೆ ನನಗೆ ನೆನಪಾಗುತ್ತೆ." ಹಚ್ಚಿದೆ, ಈ ಸಲ ನಿಜವಾದ ಗುಲಾಬಿ. ನಾಲ್ಕು ಹೊತ್ತೂ ಮೂಸಿದೆ. ಪ್ರತಿ ಸಲವೂ ಅವರು ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಸಂಜೆಗೆ, "ಹುಳಿದಿದೆ ಅಮ್ಮಿ. ಏನು ಮಾಡೋದು, ಮೈ ಅಲ್ಲಾ ಕೊಡೋದು" ಎಂದೆ. ಅವರು ಬಳೆಯನ್ನು ಕೆಳಗೆ ಇಳಿಸಿಕೊಂಡು ಎದ್ದು ಹೋದರು.

ನಾನು ಹರ್ದೋಯಿಗೆ ಹೋಗುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ನಿಮಗೆ ಇನ್ನೂ ಹಾಗೆ ಅನಿಸಿದರೆ ನನಗೇ ಬರೆಯಿರಿ, ಓದಿಕೊಳ್ಳುತ್ತೇನೆ.

ಊಟ ಬಿಡಬೇಡಿ. ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವ ನಮ್ಮೂರವರಿಗೆಲ್ಲ ಸಲಾಮು. ಬದ್ಲೂ ಕಾಕಾ ನಿಮ್ಮನ್ನು ನೆನೆದು ದುವಾ ಹೇಳಿದ್ದಾರೆ. ದೇವರು ನಿಮ್ಮನ್ನು ನೆರಳಲ್ಲಿ ಇಟ್ಟಿರಲಿ.

ನಿಮ್ಮ,
ಕನೀಜ್

ಮರೆತಿದ್ದೆ. ಕಾಕಾ ಅಂಚೆಗೆ ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅಮ್ಮಿಯ ಕೈಯ ಮೇಲೆ ಗುಲಾಬಿ ಹುಳಿದಿರಲಿಲ್ಲ. ಅಂಥ ಗುಲಾಬಿಯನ್ನು ನಾನು ಎಲ್ಲೂ ಮೂಸಿಲ್ಲ. ಮೊದಲ ಹಸಿರು ಬೇಗ ಹೋಯಿತು, ಹೂವು ಮಧ್ಯಾಹ್ನ ಪೂರ್ತಿ ನಿಂತಿತು, ಸಂಜೆಗೆ ಅವರು ಎದ್ದು ಹೋದ ಮೇಲೂ ಮಣೆಯ ಸುತ್ತ ಇತ್ತು. ಇದು ನಿಮಗೆ ಮಾತ್ರ ತಿಳಿದಿರಲಿ. ನಿನ್ನೆಯೂ ಕೈ ಚಾಚಿದರು, ನಿನ್ನೆಯೂ ಹುಳಿ ಎಂದೆ. ಇವತ್ತು ಬೆಳಿಗ್ಗೆ ನಾನು ಕರೆಯುವ ಮೊದಲೇ ಬಂದು ಕೂತು, "ಇವತ್ತೊಂದು ದಿನ ಸರಿಯಾಗಿ ನೋಡು ಮಗಳೇ" ಎಂದರು. ಸಂಜೆ ಹೇಳುತ್ತೇನೆ ಎಂದಿದ್ದೇನೆ. ಏನು ಹೇಳಬೇಕೆಂದು ಬೆಳಿಗ್ಗೆಯೇ ಗೊತ್ತಿತ್ತು.